‘ಒಂದೇ ಸೀಲು ಒತ್ತಿ ಅಕ್ಕಾ’: ಪಂಚಾಯಿತಿ ಪ್ರಚಾರದಲ್ಲಿ ನಮ್ಮನಮ್ಮಲ್ಲೇ ಜಗಳ ಯಾಕೆ?

[ಪರದೆ: ಮನೆಯ ಜಗಲಿ. ಅಜ್ಜಿಯೊಬ್ಬರ ಕೈಯಲ್ಲಿ ಮಾದರಿ ಮತಪತ್ರ]

‘ಅಕ್ಕಾ, ಒಂದೇ ಸೀಲು ಸಾಕು. ನಮ್ಮಣ್ಣನ ಆಟೋ ಗುರುತಿಗೆ ಒತ್ತಿಬಿಡಿ.’

ನಮಸ್ಕಾರ. ಈ ಒಂದು ಮಾತಿಗೆ ಎಷ್ಟು ಸ್ನೇಹ ಮುರಿದುಬಿದ್ದಿದೆ ಅಂತ ಗ್ರಾಮ ಪಂಚಾಯಿತಿ ಚುನಾವಣೆಗೆ ಓಡಾಡಿದವರಿಗೆ ಗೊತ್ತು.

ಲೆಕ್ಕ ನೋಡಿ. ಕರ್ನಾಟಕದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಪಂಚಾಯಿತಿ ಸದಸ್ಯ. ಹಾಗಾಗಿ ಎಷ್ಟೋ ಕಡೆ ಒಂದೇ ವಾರ್ಡಿಗೆ ಎರಡು, ಮೂರು ಸ್ಥಾನ ಇರುತ್ತೆ. ಎಷ್ಟು ಸ್ಥಾನವೋ ಮತದಾರರಿಗೆ ಅಷ್ಟು ವೋಟು. ಒಬ್ಬ ಅಭ್ಯರ್ಥಿಗೆ ಒಂದೇ. ಪಕ್ಷದ ಚಿಹ್ನೆ ಇಲ್ಲಿಲ್ಲ. ‘ನಮ್ಮ ಗುಂಪು’ ಅನ್ನೋದು ಮತಪತ್ರದಲ್ಲಿ ಎಲ್ಲೂ ಕಾಣಲ್ಲ, ಬರೀ ಬಾಯಿಮಾತು. ಮೂವರಿಗೂ ವೋಟು ಕೇಳ್ತೀವಿ ಅಂತ ಮಾತಾಗಿರುತ್ತೆ. ಆದರೆ ನಮ್ಮಣ್ಣನಿಗೊಬ್ಬನಿಗೇ ಕೇಳಿದರೆ ಪಕ್ಕದವನ ವೋಟು ಏರಲ್ಲ, ಅಣ್ಣ ಸೇಫ್. ಆಸೆ ಹುಟ್ಟೋದು ಇಲ್ಲೇ.

2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತದಲ್ಲಿ ಮತದಾನ ಆಯ್ತಲ್ಲ, ಆಗ ನಾನೂ ನಮ್ಮೂರಲ್ಲಿ ಮನೆಮನೆ ಸುತ್ತಿದ್ದೆ. ಮೂರು ಸ್ಥಾನದ ವಾರ್ಡು. ಕರಪತ್ರದಲ್ಲಿ ಯಾರ ಫೋಟೋ ಮೊದಲು ಅಂತಲೇ ಮುನಿಸು ಶುರುವಾಗಿತ್ತು. ಒಂದು ಸಂಜೆ ಒಬ್ಬ ಅಜ್ಜಿ ಒಳಗಿಂದ ಮಾದರಿ ಮತಪತ್ರ ತಂದು ತೋರಿಸಿದರು. ನಮ್ಮದೇ ಎರಡು ಗುರುತಿನ ಮೇಲೆ ನೀಲಿ ಪೆನ್ನಿನ ಗೀಟು. ‘ನಿಮ್ಮ ಹುಡುಗನೇ ಹೊಡೆದು ಹೋದನಪ್ಪ’ ಅಂದರು.

ಅವತ್ತು ರಾತ್ರಿ ನಾನು ಮಾಡಿದ್ದು ತಪ್ಪು. ವಾಟ್ಸಾಪ್ ಗ್ರೂಪಿನಲ್ಲಿ ‘ಯಾರದು ಈ ಕೆಲಸ’ ಅಂತ ಹಾಕಿದೆ. ಬೆಳಗ್ಗೆ ಅದರ ಸ್ಕ್ರೀನ್‌ಶಾಟ್ ಎದುರು ಗುಂಪಿನವರ ಮೊಬೈಲಲ್ಲಿತ್ತು.

ಮರುದಿನ ಅರಳಿಕಟ್ಟೆ ಮೇಲೆ ಎಲ್ಲರೂ ಕೂತೆವು. ದೇವಸ್ಥಾನದಲ್ಲಿ ಆಣೆ ಮಾಡಿಸೋಣ ಅಂದರು ಕೆಲವರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಆಣೆಗೆ ಹೆದರಿ ಸುಮ್ಮನಾಗ್ತಾರೆ ಅಷ್ಟೇ, ಮನಸ್ಸಿನಲ್ಲಿರೋದು ಹೋಗಲ್ಲ. ಅದರ ಬದಲು ಹಿರಿಯರೊಬ್ಬರು ಆ ಹುಡುಗನ್ನ ಪಕ್ಕಕ್ಕೆ ಕೂರಿಸಿಕೊಂಡು, ‘ನಿನಗೇನಪ್ಪ ಭಯ?’ ಅಂತ ಕೇಳಿದರು. ತುಂಬಾ ಹೊತ್ತು ನೆಲ ನೋಡ್ತಿದ್ದ. ಆಮೇಲೆ ಹೇಳಿದ: ‘ಮೇಲಿನ ಕೇರಿಯಲ್ಲಿ ನೀವ್ಯಾರೂ ನಮ್ಮ ಚಿಕ್ಕಪ್ಪನ ಹೆಸರೇ ಎತ್ತಲ್ಲ.’

ನಿಜ. ನಾವು ಎತ್ತುತ್ತಿರಲಿಲ್ಲ.

[ಪರದೆ: ಇಬ್ಬಿಬ್ಬರಾಗಿ ಬೀದಿಯಲ್ಲಿ ಹೋಗುತ್ತಿರುವ ಕಾರ್ಯಕರ್ತರು]

ಅಲ್ಲಿಂದ ಜೋಡಿ ಬದಲಾಯಿಸಿದೆವು. ಒಂದು ಮನೆಗೆ ಹೋಗೋ ಇಬ್ಬರೂ ಬೇರೆಬೇರೆ ಅಭ್ಯರ್ಥಿ ಕಡೆಯವರು. ಒಬ್ಬರ ಹೆಸರನ್ನ ಇನ್ನೊಬ್ಬರೇ ಹೇಳಬೇಕು. ನಾಲ್ಕೈದು ದಿನದಲ್ಲಿ ಗುಸುಗುಸು ಕಡಿಮೆಯಾಯ್ತು, ಪೂರ್ತಿ ನಿಲ್ಲಲಿಲ್ಲ. ಮೂವರಲ್ಲಿ ಇಬ್ಬರು ಗೆದ್ದರು. ಸೋತವರ ಮನೆಯವರು ಯುಗಾದಿವರೆಗೂ ನಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರ ನೋವು ನನಗೆ ಅರ್ಥ ಆಗುತ್ತೆ.

ಇನ್ನೊಂದು ಮಾತು. ದುಡ್ಡು ಹಂಚೋಣ, ಬಾಟಲಿ ಕೊಡೋಣ ಅಂತ ಯಾರಾದರೂ ಅಂದರೆ ಅದನ್ನ ಭಿನ್ನಾಭಿಪ್ರಾಯ ಅಂತ ಕೂತು ರಾಜಿ ಮಾಡಬೇಡಿ. ಅದು ಅಪರಾಧ. ಅವರು ಗುಂಪು ಬಿಟ್ಟರೂ ಪರವಾಗಿಲ್ಲ.

ಮುಂದಿನ ಸಲ ನಿಲ್ಲೋ ಯೋಚನೆ ಇದ್ದರೆ, ನಾಮಪತ್ರ ಹಾಕೋ ಮುಂಚೆನೇ ಕಟ್ಟೆ ಮೇಲೆ ಕೂತು ಇಷ್ಟು ಬರೆದಿಟ್ಟುಕೊಳ್ಳಿ: ಯಾವ ಕೇರಿಗೆ ಯಾರ ಜೊತೆ ಯಾರು, ಖರ್ಚಿನ ಲೆಕ್ಕ ಯಾರ ಕೈಲಿ, ಮಾತು ಬೆಳೆದರೆ ಕೊನೆಗೆ ಯಾರು ಹೇಳಿದ್ದನ್ನ ಕೇಳಬೇಕು. ಕರಪತ್ರದ ಫೋಟೋ ಯಾವ ಸಾಲಿನಲ್ಲಿ ಅನ್ನೋದನ್ನೂ ಅದೇ ಹಾಳೆಯಲ್ಲಿ ಬರೆದುಬಿಡಿ.