ರಿಫ್ರೆಶ್ ಒತ್ತಬೇಡಿ

ಕೇಳುಗರೇ, ನಮಸ್ಕಾರ.

ಇವತ್ತು ಒಂದೇ ವಿಷಯ ಹೇಳಲಿಕ್ಕೆ ಬಂದಿದ್ದೇನೆ. ನೀವು ಬರೆದದ್ದೋ ನಿಮ್ಮ ಮನೆಯವರು ಬರೆದದ್ದೋ ಒಂದು ಜಾಲತಾಣದಲ್ಲಿ ಇತ್ತು ಅಂತ ಇಟ್ಟುಕೊಳ್ಳಿ. ಬೆಳಗ್ಗೆ ಎದ್ದು ನೋಡಿದರೆ ತಾಣ ಕೆಟ್ಟಿದೆ, ಬರಹ ಇಲ್ಲ. ಆಗ ರಿಫ್ರೆಶ್ ಒತ್ತಬೇಡಿ. ನಿನ್ನೆ ತೆರೆದ ಪುಟ ಫೋನಿನಲ್ಲಿ ಇನ್ನೂ ಕಾಣುತ್ತಿದ್ದರೆ, ಬಹುಶಃ ಆ ಬರಹದ ಉಳಿದ ಪ್ರತಿ ಅದೊಂದೇ. ರಿಫ್ರೆಶ್ ಒತ್ತಿದ ಕೂಡಲೇ ಫೋನು ಆ ಪುಟವನ್ನು ಬಿಟ್ಟು ತಾಣದ ಹತ್ತಿರ ಹೊಸದನ್ನು ಕೇಳುತ್ತದೆ. ತಾಣದಲ್ಲಿ ಏನೂ ಇಲ್ಲ. ನಿಮ್ಮ ಫೋನಿನಲ್ಲಿದ್ದದ್ದೂ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಾನು 20 ವರ್ಷದಿಂದ ಸರ್ವರ್, ಅಂದರೆ ಜಾಲತಾಣಗಳನ್ನು ಇಡುವ ಕಂಪ್ಯೂಟರ್, ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಬರಹ ಕಳೆದುಕೊಂಡವರು ಫೋನ್ ಮಾಡಿದಾಗ ನಾನು ಮೊದಲು ಕೇಳುವುದು ಇದನ್ನೇ, ರಿಫ್ರೆಶ್ ಮಾಡಿದಿರಾ ಅಂತ. ಹತ್ತರಲ್ಲಿ ಒಂಬತ್ತು ಜನ ಮಾಡಿರುತ್ತಾರೆ. ಒಂದು ಸಲವಲ್ಲ, ಇಪ್ಪತ್ತು ಸಲ. ನನಗೆ ಆಗ ನಿಜವಾಗಿ ಸಂಕಟ ಆಗುತ್ತದೆ.

ಒತ್ತದೇ ಇದ್ದವರ ಕತೆ ಹೇಳುತ್ತೇನೆ. ಕಾಸರಗೋಡಿನ ಬಾಯಾರು, ಪೆರ್ಲ, ಬದಿಯಡ್ಕ ಕಡೆಯವರಿಗೆ ಸುರಂಗ ಅಂದರೆ ವಿವರಿಸಬೇಕಾಗಿಲ್ಲ. ದೂರದವರಿಗಾಗಿ ಹೇಳುತ್ತೇನೆ, ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಒಬ್ಬ ಮನುಷ್ಯ ಹೋಗುವಷ್ಟು ದಾರಿ ಕೊರೆದು, ಒಳಗಿನ ಒರತೆಯ ನೀರನ್ನು ಪಂಪಿಲ್ಲದೆ ತೋಟಕ್ಕೆ ಇಳಿಸುವ ವ್ಯವಸ್ಥೆ ಅದು. ಇದನ್ನು ಕೊರೆದವರಲ್ಲಿ ಜಾಸ್ತಿ ಜನ ಈಗ ಇಲ್ಲ. ಎಲ್ಲಿ ಕೊರೆಯಬೇಕು, ಎಷ್ಟು ಕೋಲು (ಉದ್ದದ ಹಳೆ ಅಳತೆ) ಹೋದ ಮೇಲೆ ನೀರು ಸಿಕ್ಕಿತು, ಒಳಗೆ ದೀಪ ಆರಿದರೆ ಏನು ಮಾಡುತ್ತಿದ್ದರು, ಇದೆಲ್ಲ ಅವರ ಬಾಯಲ್ಲಿ ಮಾತ್ರ ಇತ್ತು. ನಮ್ಮ ಕಡೆಯ ಒಬ್ಬರು ನಿವೃತ್ತ ಮಾಷ್ಟ್ರು ಕೆಲವು ಹುಡುಗರನ್ನು ಕಟ್ಟಿಕೊಂಡು ಒಂದು ಜಾಲತಾಣ ಮಾಡಿಸಿದರು. ಯಾರು ಬೇಕಾದರೂ ತಮ್ಮ ಮನೆಯ ಸುರಂಗದ ಬಗ್ಗೆ ಬರೆಯಬಹುದು. ಅಜ್ಜ ಹೇಳಿದ್ದನ್ನು ಮೊಮ್ಮಗಳು ಬರೆದು ಹಾಕಬಹುದು. ಒಳ್ಳೆ ಕೆಲಸ ಅಲ್ವಾ?

ಆಟಿ ತಿಂಗಳ, ಅಂದರೆ ಜೋರು ಮಳೆಗಾಲದ, ಒಂದು ರಾತ್ರಿ ತಾಣ ಇದ್ದ ಸರ್ವರಿನ ಡಿಸ್ಕ್ ಕೆಟ್ಟಿತು. ಜಾಗ ಕೊಟ್ಟಿದ್ದ ಕಂಪನಿಯವರು ತಮ್ಮಲ್ಲಿದ್ದ ಹಳೆ ಪ್ರತಿಯನ್ನು ಹಾಕಿ ತಾಣವನ್ನು ಮತ್ತೆ ಶುರು ಮಾಡಿದರು. ಆದರೆ ಆ ಪ್ರತಿ ಬಿಸುವಿಗಿಂತ, ಅಂದರೆ ಏಪ್ರಿಲ್ ನಡುವೆ ಬರುವ ನಮ್ಮ ಹೊಸವರ್ಷಕ್ಕಿಂತ, ಮುಂಚಿನದ್ದು. ಬಿಸು ಆದ ಮೇಲೆ ಬರೆದ 186 ಬರಹಗಳು ಅದರಲ್ಲಿ ಇರಲಿಲ್ಲ.

ಬೆಳಗ್ಗೆ ಮಾಷ್ಟ್ರ ಫೋನ್ ಬಂತು. ಶಾರ್ಜಾದಲ್ಲಿರುವ ಒಬ್ಬ ಹುಡುಗ ಅವರಿಗೆ ಸುದ್ದಿ ಹೇಳಿದ್ದ. ನಾನು ಕೇಳಿದೆ, "ಮಾಷ್ಟ್ರೇ, ನೀವು ನೋಡಿದಿರಾ? ರಿಫ್ರೆಶ್ ಮಾಡಿದಿರಾ?" ಅವರು ಹೇಳಿದರು, "ಎಲ್ಲಿಂದ ಮಾರಾಯ್ರೆ, ನಿನ್ನೆ ಸಂಜೆಯಿಂದ ಕರೆಂಟಿಲ್ಲ, ನೆಟ್ಟೂ ಇಲ್ಲ. ಈ ಫೋನನ್ನು ಗುಡ್ಡದ ತುದಿಗೆ ಬಂದು ಮಾಡ್ತಾ ಇದ್ದೇನೆ. ನಿನ್ನೆ ಓದುತ್ತಿದ್ದ ಪುಟ ಹಾಗೇ ಉಂಟು."

ನನಗೆ ಮೈ ಜುಮ್ಮೆಂದಿತು. ಅವರು ಓದುತ್ತಿದ್ದದ್ದು ಸುರಂಗ ಕೊರೆದವರ ನೆನಪುಗಳ ಪುಟ. ಒಂದೇ ಉದ್ದ ಪುಟ, ಅದರಲ್ಲಿ ಹತ್ತಾರು ಜನರ ಬರಹ. ನಾನು ಹೇಳಿದೆ, ಈ ಕರೆ ಮುಗಿದ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ಬೇರೆ ಯಾವ ಆ್ಯಪನ್ನೂ ತೆರೆಯಬೇಡಿ, ಕ್ಯಾಮೆರಾ ಕೂಡ ಬೇಡ. ಯಾಕೆ ಅಂದರೆ ಫೋನಿನ ಮೆಮೊರಿ ಸಾಲದೆ ಹೋದರೆ ಅದು ಹಿಂದೆ ತೆರೆದಿಟ್ಟ ಪುಟವನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಆಮೇಲೆ ಆ ಪುಟಕ್ಕೆ ಹೋದರೆ ಅದೇ ರಿಫ್ರೆಶ್ ಆಗುತ್ತದೆ. ಅವರ ಫೋನಿನಲ್ಲಿ ಚಾರ್ಜ್ ಇದ್ದದ್ದು 14 ಶೇಕಡಾ. ಕರೆಂಟಿಲ್ಲ. ನೆರೆಮನೆಯವರ ಜೀಪಿನಲ್ಲಿ ಕೂತು, ಇಂಜಿನ್ ಚಾಲೂ ಇಟ್ಟು, ಚಾರ್ಜಿಗೆ ಹಾಕಿಕೊಂಡೇ ಅವರು ಪುಟವನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಸ್ಕ್ರೀನ್‌ಶಾಟ್ ತೆಗೆದರು. ನಾನು ಮಧ್ಯಾಹ್ನದ ಬಸ್ಸಿಗೆ ಅಲ್ಲಿಗೆ ಹೋದೆ. ಮಳೆಯಲ್ಲಿ ತೋಯ್ದು ಜೀಪಿನ ಹತ್ತಿರ ಹೋಗುವಾಗ ಎಪ್ಪತ್ತು ದಾಟಿದ ಆ ಮನುಷ್ಯ ಎರಡೂ ಕೈಯಲ್ಲಿ ಫೋನನ್ನು ಹಿಡಿದುಕೊಂಡು ಕೂತಿದ್ದರು, ಹಣತೆ ಹಿಡಿದ ಹಾಗೆ. ಆ ಒಂದು ಪುಟದಿಂದ 31 ಬರಹ ಸಿಕ್ಕಿತು. ಅಕ್ಷರಕ್ಕೆ ಅಕ್ಷರ.

ನೆಟ್ಟು ಇದ್ದಿದ್ದರೆ ಅವರೂ ಒತ್ತುತ್ತಿದ್ದರು. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಉಳಿದದ್ದು ಎಲ್ಲಿ ಸಿಕ್ಕಿತು? ಇಮೇಲಿನಲ್ಲಿ. ಯಾರಾದರೂ ಹೊಸದಾಗಿ ಬರೆದರೆ ಆ ತಾಣ ಸದಸ್ಯರಿಗೆಲ್ಲ ಪೂರ್ತಿ ಬರಹವನ್ನು ಇಮೇಲ್ ಮಾಡುತ್ತಿತ್ತು. ಎಲ್ಲರೂ ಅಳಿಸಿದ್ದರು. ಶಾರ್ಜಾದ ಹುಡುಗ ಮಾತ್ರ ಒಂದನ್ನೂ ಅಳಿಸಿರಲಿಲ್ಲ. ಅವನ ಡಬ್ಬಿಯಲ್ಲಿ 138 ಬರಹ, ಬರೆದವರ ಹೆಸರು, ತಾರೀಕು, ಗಂಟೆ ಸಮೇತ. ಆದ್ದರಿಂದ ಯಾವುದರ ನಂತರ ಯಾವುದು ಅಂತ ಜೋಡಿಸುವುದೂ ಸುಲಭವಾಯಿತು. ಕೊನೆಯ ಮೂರು ವಾರ ಇಮೇಲ್ ಹೋಗುವುದು ನಿಂತಿತ್ತು. ಮಾಷ್ಟ್ರ ಫೋನಿನಿಂದ ಸಿಕ್ಕಿದ್ದು ಆ ಮೂರು ವಾರದ ಬರಹಗಳೇ.

ನೀವು ಅಳಿಸಿದ್ದೀರಾ? ಆದರೂ ನೋಡಿ. ಜಿಮೇಲಿನಲ್ಲಿ ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಸ್ಪ್ಯಾಮಿಗೆ ಹೋದದ್ದೂ 30 ದಿನ ಇರುತ್ತದೆ. 31ನೇ ದಿನ ನನಗೆ ಫೋನ್ ಮಾಡಿದರೆ ನಾನೇನು ಮಾಡಲಿ? ಬೇಗ ನೋಡಿ.

ಮೂರನೇ ಜಾಗ ಇಂಟರ್ನೆಟ್ ಆರ್ಕೈವ್. ಬ್ರೂಸ್ಟರ್ ಕೇಲ್ ಅನ್ನುವವರು 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರು ಮಾಡಿದ್ದು. ಊರೂರಿನ ಜಾಲತಾಣಗಳ ಪುಟಗಳನ್ನು ಆಗಾಗ ಪ್ರತಿ ತೆಗೆದು ಇಡುವುದೇ ಅವರ ಕೆಲಸ. 2001ರಿಂದ ವೇಬ್ಯಾಕ್ ಮಷೀನ್ ಅನ್ನುವ ಹೆಸರಿನಲ್ಲಿ ಅದನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ವೆಬ್ ಡಾಟ್ ಆರ್ಕೈವ್ ಡಾಟ್ ಆರ್ಗ್ ಅಂತ ಒತ್ತಿ, ಕಳೆದುಹೋದ ಪುಟದ ವಿಳಾಸ ಹಾಕಿದರೆ ಒಂದು ಕ್ಯಾಲೆಂಡರ್ ಬರುತ್ತದೆ. ಯಾವ ದಿನಕ್ಕೆ ಬಣ್ಣದ ಚುಕ್ಕೆ ಉಂಟೋ ಆ ದಿನದ ಪುಟ ಅಲ್ಲಿದೆ. ನಮಗೆ ಅದರಿಂದ 8 ಬರಹ ಸಿಕ್ಕಿತು. ಕೆಲವರು ಈಗಲೂ ಗೂಗಲ್ ಕ್ಯಾಶ್, ಅಂದರೆ ಗೂಗಲ್ ತೆಗೆದಿಡುತ್ತಿದ್ದ ಪುಟದ ಪ್ರತಿ, ನೋಡಿ ಅಂತ ಸಲಹೆ ಕೊಡುತ್ತಾರೆ. ಅದನ್ನು ಗೂಗಲ್ 2024ರಲ್ಲೇ ತೆಗೆದುಹಾಕಿದೆ, ಸುಮ್ನೆ ಅಲ್ಲಿ ಹುಡುಕಿ ಹೊತ್ತು ಕಳೆಯಬೇಡಿ.

ತಾಣ ನಡೆಸುವವರು ಯಾರಾದರೂ ಕೇಳುತ್ತಿದ್ದರೆ ನಿಮಗೊಂದು ಮಾತು. ಹಳೆ ಪ್ರತಿ ಹಾಕಿದ ಮೇಲೆ ತಾಣವನ್ನು ಓದಲಿಕ್ಕೆ ಮಾತ್ರ ತೆರೆದಿಡಿ, ಹೊಸದು ಬರೆಯಲಿಕ್ಕೆ ಬಿಡಬೇಡಿ. ಪ್ರತಿ ಬರಹಕ್ಕೂ ಒಳಗೆ ಒಂದು ನಂಬರ್ ಇರುತ್ತದೆ. ಕಳೆದುಹೋದ ಬರಹದ ನಂಬರು 212 ಅಂತಾದರೆ, ಇವತ್ತು ಯಾರೋ ಬರೆಯುವ ಹೊಸ ಬರಹಕ್ಕೂ ಅದೇ 212 ಸಿಗಬಹುದು. ನಾಳೆ ಹಳೆಯದು ಸಿಕ್ಕಿದಾಗ ಕೂರಿಸಲಿಕ್ಕೆ ಜಾಗ ಇರುವುದಿಲ್ಲ.

ಇನ್ನೊಂದು ನಮ್ಮ ಕನ್ನಡದವರಿಗೂ ಬರುವ ತೊಂದರೆ. ಸಿಕ್ಕಿದ ಪ್ರತಿಯನ್ನು ತೆರೆದರೆ ಕನ್ನಡದ ಬದಲು ಏನೇನೋ ಗುರುತುಗಳು ಕಾಣುತ್ತವೆ. ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳಂಥವು. ಹೆದರಬೇಡಿ, ಅದು ಹಾಳಾದದ್ದಲ್ಲ. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಕೇತ ಕೊಡುವ ವ್ಯವಸ್ಥೆ. ಆ ಬರಹವನ್ನು ಸಾಮಾನ್ಯವಾಗಿ ಇಡುವ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದರೆ ಕಂಪ್ಯೂಟರಿನ ಅಳತೆಯ 3 ತುಣುಕು, ಬೇಕು. "ಕನ್ನಡ" ಅಂತ ಬರೆದರೆ ಒತ್ತಕ್ಷರದ ಗುರುತೂ ಸೇರಿ 5 ಸಂಕೇತ, 15 ಬೈಟ್. ಆ ಮೂರು ಮೂರನ್ನು ಬಿಡಿಬಿಡಿಯಾಗಿ ಓದಿದಾಗ ಹಾಗೆ ಕಾಣುತ್ತದೆ, ಸರಿಯಾಗಿ ಓದಿಸಿದರೆ ಸಾಮಾನ್ಯವಾಗಿ ಕನ್ನಡ ವಾಪಸ್ ಬರುತ್ತದೆ. ಬರೀ ಪ್ರಶ್ನೆ ಗುರುತುಗಳು ಸಾಲಾಗಿ ಬಂದಿದ್ದರೆ ಮಾತ್ರ ಆ ಪ್ರತಿಯಲ್ಲಿ ಅಕ್ಷರ ಉಳಿದಿಲ್ಲ, ಬೇರೆ ಪ್ರತಿ ಹುಡುಕಬೇಕು. ಹಳೆ "ನುಡಿ", "ಬರಹ" ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದಾದರೆ ಅದನ್ನು ಯೂನಿಕೋಡಿಗೆ ಬದಲಿಸುವ ಸಲಕರಣೆಗಳು ಉಂಟು.

ದೊಡ್ಡವರಿಗೂ ಹೀಗೆ ಆಗುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಅನ್ನುವ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ತಪ್ಪಿ ಬೇರೆ ಸರ್ವರಿನ ದತ್ತಾಂಶವನ್ನು ಅಳಿಸಿದರು. ಬ್ಯಾಕಪ್, ಅಂದರೆ ಕಾಪಿಗೆ ಇನ್ನೊಂದು ಪ್ರತಿ ತೆಗೆದಿಡುವುದು, ನಡೆಯುತ್ತಿದೆ ಅಂತ ಎಲ್ಲರೂ ನಂಬಿದ್ದರು, ತೆರೆದು ನೋಡಿದರೆ ಅದು ಕೆಲಸವೇ ಮಾಡುತ್ತಿರಲಿಲ್ಲ. 6 ಗಂಟೆ ಮುಂಚೆ ಬೇರೆ ಯಾವುದೋ ಕೆಲಸಕ್ಕೆ ತೆಗೆದಿಟ್ಟ ಒಂದು ಪ್ರತಿಯೇ ಅವರನ್ನು ಉಳಿಸಿತು. 2021ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಒವಿಎಚ್ ಕಂಪನಿಯ ಸರ್ವರ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟವರು ಎರಡನ್ನೂ ಕಳೆದುಕೊಂಡರು. ಬ್ಯಾಕಪ್ ಬಗ್ಗೆ ಜಾಸ್ತಿ ಹೇಳಬೇಕು ಅಂತಿದ್ದೆ, ಸಮಯ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ಚುಟುಕಾಗಿ ಹೇಳುತ್ತೇನೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ತಿಂಗಳಿಗೊಮ್ಮೆ ತೆರೆದು ಓದಿ ನೋಡಿ.

ಮಾಷ್ಟ್ರ ತಾಣದ 186ರಲ್ಲಿ 177 ಸಿಕ್ಕಿತು. 9 ಇನ್ನೂ ಸಿಕ್ಕಿಲ್ಲ. ಅದರಲ್ಲಿ ಒಂದು, 40 ಕೋಲು ಕೊರೆದೂ ನೀರು ಕಾಣದೆ ಬಿಟ್ಟ ಸುರಂಗದ ಬಗ್ಗೆ ಒಬ್ಬ ಅಜ್ಜ ಹೇಳಿ ಬರೆಸಿದ್ದು. ಆ ಅಜ್ಜ ಈ ವರ್ಷ ತೀರಿಕೊಂಡರು. ನೀವು ಆ ತಾಣವನ್ನು ಓದುತ್ತಿದ್ದವರಾದರೆ, ಹಳೆ ಫೋನೊಂದು ಮನೆಯಲ್ಲಿ ಬಿದ್ದಿದ್ದರೆ, ನೆಟ್ ಹಾಕದೆ ಚಾರ್ಜ್ ಮಾಡಿ. ಗ್ಯಾಲರಿಯಲ್ಲಿ ಆಗ ತೆಗೆದ ಸ್ಕ್ರೀನ್‌ಶಾಟ್ ಏನಾದರೂ ಉಂಟೋ ನೋಡಿ. ಬ್ರೌಸರ್ ತೆರೆದು ಆ ಪುಟ ಇನ್ನೂ ಉಳಿದದ್ದು ಕಂಡರೆ ಏನು ಮಾಡಬಾರದು ಅಂತ ನಿಮಗೀಗ ಗೊತ್ತು. ಮಾಷ್ಟ್ರಿಗೆ ತಿಳಿಸಿ.

ನಮಸ್ಕಾರ.