ಉಗ್ಗುವವರ ಸಂಘದಲ್ಲಿ ಏನು ನಡೆಯುತ್ತದೆ?

ಎಲ್ಲರಿಗೂ ನಮಸ್ಕಾರ. ಉಗ್ಗುವವರ ಸಂಘ ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ಅಲ್ಲಿಗೆ ಹೋದರೆ ಉಗ್ಗು ಹೋಗುತ್ತಾ? ಇಲ್ಲ, ಹೋಗಲ್ಲ. ಇಷ್ಟು ದಿನದಲ್ಲಿ ಗ್ಯಾರಂಟಿ ಅಂತ ಬೋರ್ಡು ಹಾಕಿಕೊಂಡು ಮುಂಗಡ ಕೇಳುವವರು ಬೇರೆ ಇದ್ದಾರೆ, ಅವರ ಹತ್ತಿರ ದಯವಿಟ್ಟು ಹೋಗಬೇಡಿ.

ನಮ್ಮ ಕಡೆ ಮಗುವಿಗೆ ಮಾತು ಸರಿಯಾಗಿ ಬರಲಿ ಅಂತ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ನನಗೂ ಹಚ್ಚಿದ್ದರಂತೆ. ಪಾಪ, ಪ್ರೀತಿಯಿಂದಲೇ ಹಚ್ಚಿದ್ದು. ಆದರೆ ಉಗ್ಗಿಗೆ ಕಾರಣ ನಾಲಿಗೆ ಅಲ್ಲ. ಮೆದುಳು ಮಾತನ್ನು ಹೊಂದಿಸುವ ರೀತಿಯಲ್ಲೇ ಸ್ವಲ್ಪ ವ್ಯತ್ಯಾಸ ಇರುತ್ತದೆ, ಎಷ್ಟೋ ಮನೆಗಳಲ್ಲಿ ಅದು ವಂಶದಲ್ಲೇ ಬರುತ್ತದೆ. ಮಕ್ಕಳಲ್ಲಿ 100ಕ್ಕೆ ಸುಮಾರು 5 ಜನ ಒಂದು ವಯಸ್ಸಿನಲ್ಲಿ ಉಗ್ಗುತ್ತಾರೆ, ಹೆಚ್ಚಿನವರಿಗೆ ತಾನಾಗಿಯೇ ಸರಿಹೋಗುತ್ತದೆ, ದೊಡ್ಡವರಾದ ಮೇಲೂ ಉಳಿಯುವುದು 100ಕ್ಕೆ ಒಬ್ಬರಿಗೆ. ಅದರಲ್ಲೂ ಗಂಡಸರೇ ಜಾಸ್ತಿ. ಹಾಗಂತ ಮಗು ಉಗ್ಗುತ್ತಿದ್ದರೆ ಸುಮ್ನೆ ಕಾಯಬೇಡಿ, ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ.

ದೊಡ್ಡವರ ಕಷ್ಟ ಬೇರೆ. ನಾವು ಉಗ್ಗುವುದಕ್ಕಿಂತ ಉಗ್ಗನ್ನು ಮುಚ್ಚಿಡುವುದರಲ್ಲೇ ಸುಸ್ತಾಗುತ್ತೇವೆ. ಇಳಿಯಬೇಕಾದದ್ದು ಕತ್ರಿಗುಪ್ಪೆ. ಕಂಡಕ್ಟರ್ ಹತ್ತಿರ ಬರುತ್ತಿದ್ದಾರೆ, 'ಕ' ಇವತ್ತು ಹೊರಡುವುದಿಲ್ಲ ಅಂತ ಗಂಟಲಿಗೆ ಮೊದಲೇ ಗೊತ್ತಾಗಿಬಿಡುತ್ತದೆ, ಬಾಯಿಗೆ ಸಲೀಸಾಗಿ ಬರುವ ಇನ್ಯಾವುದೋ ದೂರದ ಸ್ಟಾಪಿಗೆ ಟಿಕೆಟ್ ತಗೊಂಡು ಜಾಸ್ತಿ ದುಡ್ಡು ಕೊಡುತ್ತೇವೆ. ಮಸಾಲೆ ದೋಸೆ ಆಸೆ ಇದ್ದರೂ ಇಡ್ಲಿ ತಿಂದು ಬರುತ್ತೇವೆ. ಎಲ್ಲಕ್ಕೂ ಬದಲಿ ಪದ ಹುಡುಕಬಹುದು, ಆದರೆ ಸ್ವಂತ ಹೆಸರಿಗೆ ಬದಲಿ ಎಲ್ಲಿಂದ ತರೋದು?

ಅದಕ್ಕೇ ಸಂಘದಲ್ಲಿ ಮೊದಲ ಕೆಲಸ ಹೆಸರು ಹೇಳುವುದು. ಸುತ್ತ ಕೂತಿರುತ್ತೇವೆ, ಸರದಿ ಬರುತ್ತದೆ. ಎಷ್ಟು ಹೊತ್ತಾದರೂ ಯಾರೂ ಬಾಯಿ ಹಾಕಿ ನಿಮ್ಮ ಮಾತು ಮುಗಿಸುವುದಿಲ್ಲ, ಮುಖ ತಿರುಗಿಸುವುದಿಲ್ಲ. ಆಮೇಲೆ ಬೇಕೆಂದೇ ಉಗ್ಗುವ ಅಭ್ಯಾಸ. ಕೇಳಿದರೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಒಬ್ಬ ಹುಡುಗ ಸ್ಪೀಕರ್ ಆನ್ ಮಾಡಿ ಅಂಗಡಿಗಳಿಗೆ ಫೋನ್ ಮಾಡಿ "ಮಿ... ಮಿ... ಮಿಕ್ಸಿ ರೇಟು ಎಷ್ಟು?" ಅಂದ. ಮೊದಲ ಅಂಗಡಿಯವರು ಕಟ್ ಮಾಡಿದರು. ಎರಡನೆಯವರು "ಹೇಳಿ ಸಾರ್, ಯಾವ ಕಂಪನಿದು ಬೇಕು?" ಅಂದರು. ಹುಡುಗ ಇದಕ್ಕೆ ತಯಾರಾಗಿರಲಿಲ್ಲ, ಕಂಪನಿ ಹೆಸರು ಹುಡುಕುತ್ತಾ ನಿಜವಾಗಿಯೂ ಉಗ್ಗಿದ, ಎಲ್ಲರೂ ನಕ್ಕೆವು, ಅವನೂ ನಕ್ಕ. ನೀವಾಗಿಯೇ ತೋರಿಸಿಕೊಂಡ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯುವುದಿಲ್ಲ, ಹೆದರಿಕೆ ಅಲ್ಲೇ ಸಡಿಲವಾಗುತ್ತದೆ.

ಅಮೆರಿಕದಲ್ಲಿ ಇಂಥ ದೊಡ್ಡ ಸಂಘವೊಂದು 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. ನಮ್ಮ ದೇಶದಲ್ಲಿ ದಿ ಇಂಡಿಯನ್ ಸ್ಟಾಮರಿಂಗ್ ಅಸೋಸಿಯೇಷನ್, ಚಿಕ್ಕದಾಗಿ 'ಟೀಸಾ', 2008ರಿಂದ ಇದೆ, ಬೆಂಗಳೂರಿನಲ್ಲೂ ಅದರ ಗುಂಪು ಸೇರುತ್ತದೆ. ಇವನ್ನು ನಡೆಸುವವರು ಉಗ್ಗುವವರೇ. ಅಕ್ಟೋಬರ್ 22 ಅನ್ನು 1998ರಿಂದ ಉಗ್ಗಿನ ಜಾಗೃತಿ ದಿನ ಅಂತ ಹಲವು ದೇಶಗಳಲ್ಲಿ ಆಚರಿಸುತ್ತಾರೆ.

ಸಂಘಗಳ ಒಳಗೂ ಜಗಳ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾತಿನ ವೈಕಲ್ಯ ಅಂತ ಇದೆ, ಆದರೆ ಉಗ್ಗಿನ ಹೆಸರು ಅದರಲ್ಲಿಲ್ಲ. ಸೇರಿಸಿ ಅನ್ನುವವರು ಕೆಲವರು, ನಮ್ಮನ್ನು ಹಾಗೆ ಕರೆಯಬೇಡಿ ಅನ್ನುವವರು ಕೆಲವರು. ನನಗೆ ಹೆಸರಿನ ಚಿಂತೆ ಇಲ್ಲ. ಇಂಟರ್‌ವ್ಯೂನಲ್ಲಿ ಹತ್ತು ನಿಮಿಷ ಜಾಸ್ತಿ ಕೊಡುತ್ತಾರೆ ಅಂದರೆ ಏನು ಬೇಕಾದರೂ ಕರೆಯಲಿ.

ನಿಮ್ಮ ಊರಿನಲ್ಲಿ ಗುಂಪು ಇಲ್ಲದಿದ್ದರೆ ಇಬ್ಬರು ಸೇರಿ ಶುರು ಮಾಡಿ. ಪಾರ್ಕಿನ ಬೆಂಚು ಸಾಕು, ವಿಡಿಯೋ ಕಾಲ್‌ನಲ್ಲೂ ನಡೆಯುತ್ತದೆ. ಫೀಸು ಮಾತ್ರ ಇಡಬೇಡಿ. ಈಗ ಪ್ರಶ್ನೆ ಕೇಳಿ, ಹಿಂದೆ ಕೂತವರಿಂದಲೇ ಶುರುವಾಗಲಿ.