ರೆಫರಿಯ ಕಿವಿ

ಅಧ್ಯಕ್ಷರೇ, ಕೋಲಾರದ ಕ್ರೀಡಾಭಿಮಾನಿಗಳೇ,

ಗಣಿಯ ಕಾಲದಿಂದ ಫುಟ್‌ಬಾಲ್ ನೋಡಿರುವ ಕೆಜಿಎಫ್‌ನ ಹಿರಿಯರು ಮುಂದಿನ ಸಾಲಿನಲ್ಲೇ ಕುಳಿತಿರುವಾಗ ನಾನು ಆಫ್‌ಸೈಡ್ ವಿವರಿಸಬೇಕಾಗಿಲ್ಲ. ರೆಫರಿಗಳು ದೊಡ್ಡ ಕ್ಲಬ್‌ಗಳ ಕಡೆಗೆ ವಾಲುತ್ತಾರೆಯೇ ಎಂದರೆ, ವಾಲುತ್ತಾರೆ ಎಂದೇ ನನ್ನ ಉತ್ತರ. ಆದರೆ ಅದರ ಕಾರಣವನ್ನು ಅವರ ಜೇಬಿನಲ್ಲಿ ಹುಡುಕುವವರಿಗೆ ಮೊದಲು ಕಿವಿಯನ್ನು ನೋಡಿ ಎನ್ನುತ್ತೇನೆ.

ಒಳಸಂಚಿನ ಪ್ರಕರಣಗಳು ಇಲ್ಲವೆಂದಲ್ಲ. ರೆಫರಿಗಳ ನೇಮಕದಲ್ಲಿ ಕೈಯಾಡಿಸಿದ ಹಗರಣದಲ್ಲಿ ಇಟಲಿಯ ಯುವೆಂಟಸ್ 2006ರಲ್ಲಿ ಎರಡು ಪ್ರಶಸ್ತಿಗಳನ್ನು ಕಳೆದುಕೊಂಡು ಎರಡನೇ ದರ್ಜೆಗೆ ಇಳಿಯಿತು. ಅಂಥದ್ದು ಫೋನ್ ಸಂಭಾಷಣೆಯಲ್ಲಾದರೂ ಸಿಕ್ಕಿಬೀಳುತ್ತದೆ. ಕಿವಿಯ ಪಕ್ಷಪಾತ ಹಾಗೆ ಸಿಕ್ಕಿಬೀಳುವುದಿಲ್ಲ. ಲಿವರ್‌ಪೂಲ್ ಮತ್ತು ಲೆಸ್ಟರ್ ನಡುವಿನ ಒಂದು ಪಂದ್ಯದ ವಿಡಿಯೊವನ್ನು 40 ರೆಫರಿಗಳಿಗೆ ತೋರಿಸಿ, ಕೆಲವರಿಗೆ ಪ್ರೇಕ್ಷಕರ ಸದ್ದು ಕೇಳಿಸಿ, ಉಳಿದವರಿಗೆ ಕೇಳಿಸದೆ ನಡೆಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಸದ್ದು ಕೇಳಿದವರು ತವರು ತಂಡದ ವಿರುದ್ಧ ಸುಮಾರು ಶೇ. 15ರಷ್ಟು ಕಡಿಮೆ ಫೌಲ್ ಕೊಟ್ಟಿದ್ದರು.

ನನ್ನದೇ ಪಾಪವೊಂದನ್ನು ಹೇಳಿಬಿಡುತ್ತೇನೆ. ತಾಲ್ಲೂಕು ಮಟ್ಟದ ಒಂದು ಫೈನಲ್‌ಗೆ ನಾನು ರೆಫರಿ. ಊರಿನ ತಂಡದ ಬೆನ್ನಿಗೆ ಇಡೀ ಊರೇ ನಿಂತಿತ್ತು. ಎದುರಾಳಿಗಳು ಟೆಂಪೋದಲ್ಲಿ ಬಂದಿಳಿದ ಹದಿನಾರು ಹುಡುಗರು. ಊರಿನ ತಂಡ ಒಂದು ಗೋಲು ಹಿಂದಿತ್ತು. ಎದುರಾಳಿ ಗೋಲ್‌ಕೀಪರ್ ಬೂಟಿನ ಲೇಸ್ ಕಟ್ಟಿಕೊಂಡ ಒಂದೊಂದು ಕ್ಷಣವನ್ನೂ, ಬಡ್ಡಿ ಲೆಕ್ಕ ಹಾಕುವ ಸಾಹುಕಾರನಂತೆ, ಗಡಿಯಾರದಲ್ಲಿ ಕೂಡಿಸುತ್ತ ಹೋದೆ. ಕೊನೆಗೆ ಎರಡು ನಿಮಿಷದ ಹೆಚ್ಚುವರಿ ಸಮಯ ಸಾಕಿದ್ದ ಕಡೆ ಆರು ನಿಮಿಷ ಆಡಿಸಿದೆ; ಆರನೆಯದರಲ್ಲಿ ಗೋಲು ಬಿತ್ತು. ಪಂದ್ಯ ಮುಗಿದ ಮೇಲೆ ಆ ಹುಡುಗರ ಕ್ಯಾಪ್ಟನ್ ಹತ್ತಿರ ಬಂದು, "ಸಾರ್, ನಾವು ಮುಂದಿದ್ದಾಗ ಮಾತ್ರ ನಿಮ್ಮ ವಾಚು ನಿಧಾನ ಆಗ್ತದಾ?" ಎಂದ. ಯಾರೂ ನನಗೆ ಬಿಡಿಗಾಸು ಕೊಟ್ಟಿರಲಿಲ್ಲ, ಚಹಾ ಕೂಡ ನನ್ನ ದುಡ್ಡಿನಲ್ಲೇ ಕುಡಿದಿದ್ದೆ. ತವರು ತಂಡ ಒಂದು ಗೋಲು ಹಿಂದಿದ್ದರೆ ಹೆಚ್ಚುವರಿ ಸಮಯ ಹಿಗ್ಗುತ್ತದೆ, ಮುಂದಿದ್ದರೆ ಕುಗ್ಗುತ್ತದೆ ಎಂದು ಸ್ಪೇನ್‌ನ ಲೀಗ್ ಪಂದ್ಯಗಳನ್ನು ಅಳೆದ ಮೂವರು ಅರ್ಥಶಾಸ್ತ್ರಜ್ಞರು 2005ರಲ್ಲಿ ಬರೆದದ್ದನ್ನು ಮುಂದೊಮ್ಮೆ ಓದಿದಾಗ, ಸಿಕ್ಕಿಬಿದ್ದ ಕಳ್ಳನಂತಾದೆ.

ತವರಿನ ಗದ್ದಲಕ್ಕೂ ದೊಡ್ಡ ಕ್ಲಬ್ಬಿಗೂ ಏನು ಸಂಬಂಧ ಎಂದು ಕೇಳಬಹುದು. ಸಣ್ಣ ಕ್ಲಬ್ಬಿನ ಗದ್ದಲ ಅದರ ಮೈದಾನದಲ್ಲೇ ಮುಗಿಯುತ್ತದೆ. ದೊಡ್ಡ ಕ್ಲಬ್ ತನ್ನ ಗದ್ದಲವನ್ನು ಹೋದಲ್ಲೆಲ್ಲ ಹೊತ್ತೊಯ್ಯುತ್ತದೆ, ಪಂದ್ಯ ಮುಗಿದ ಮೇಲೂ ಅದು ಟಿವಿಯಲ್ಲಿ ವಾರವಿಡೀ ರೆಫರಿಯ ಬೆನ್ನು ಬಿಡುವುದಿಲ್ಲ. ಅದಕ್ಕೇ ಕಿವಿ ಎಂದದ್ದು. ಪೆನಾಲ್ಟಿಗಳ ಲೆಕ್ಕ ತೋರಿಸಬೇಡಿ: ಎದುರಾಳಿಯ ಪೆನಾಲ್ಟಿ ಬಾಕ್ಸ್‌ನಲ್ಲೇ ಹೆಚ್ಚು ಹೊತ್ತು ಇರುವವರಿಗೆ ಪೆನಾಲ್ಟಿಯೂ ಹೆಚ್ಚು ಸಿಗುತ್ತದೆ, ಮಳೆಯಲ್ಲಿ ಹೆಚ್ಚು ತಿರುಗಿದವನು ಹೆಚ್ಚು ನೆನೆಯುವ ಹಾಗೆ.

ಅಧ್ಯಕ್ಷರ ಚೀಟಿ ಬಂತು. ವಿಎಆರ್, ಅಂದರೆ ರೆಫರಿಯ ತೀರ್ಪನ್ನು ವಿಡಿಯೊದಲ್ಲಿ ಪರಿಶೀಲಿಸುವ ಏರ್ಪಾಡಿನ ಬಗ್ಗೆ ಒಂದೇ ಮಾತು: 2023ರ ಸೆಪ್ಟೆಂಬರ್‌ನಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನಂಥ ದೊಡ್ಡ ಕ್ಲಬ್ಬಿನ ನ್ಯಾಯವಾದ ಗೋಲನ್ನೇ ಆ ಯಂತ್ರದ ಮುಂದೆ ಕುಳಿತವರು ಕಳೆದುಹಾಕಿದರು. ಅದೇ ವರ್ಷ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿಯ ಫ್ರೀಕಿಕ್ ಗೋಲಿಗೆ ಸಿಟ್ಟಾಗಿ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆದದ್ದನ್ನು ಚಹಾದ ಹೊತ್ತಿಗೆ ಮಾತಾಡೋಣ. ನಮ್ಮ ಜಿಲ್ಲೆಯ ಪಂದ್ಯಾವಳಿಗಳನ್ನು ನಡೆಸುವವರಲ್ಲಿ ಒಂದು ಬೇಡಿಕೆ ಮಾತ್ರ ಇದೆ: ವಿಷಲ್ ರೆಫರಿಯ ಬಳಿಯೇ ಇರಲಿ, ಗಡಿಯಾರವನ್ನು ಮೇಜಿನ ಬಳಿ ಇನ್ನೊಬ್ಬರ ಕೈಗೆ ಕೊಡಿ, ಆ ಮೇಜನ್ನು ಊರಿನವರ ಗ್ಯಾಲರಿಯಿಂದ ದೂರ ಹಾಕಿಸಿ.